ರೇವವ್ವನ ಚಹಾ ಮತ್ತು ಆರೋಗ್ಯವಂತರ ಊರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯಾವ ಊರಿಗೆ ಬೇಕಾದರೂ ಹೋಗಿ, ಯಾರನ್ನು ಬೇಕಾದರೂ ಮಾತಾಡಿಸಿ, ಮೊದಲ ಉತ್ತರ ಒಂದೇ: "ಆರಾಮ್ರಿ." ಜ್ವರದಲ್ಲಿ ನಡುಗುತ್ತಿರುವವನೂ ಆರಾಮ. ಮಂಡಿ ಹಿಡಿದುಕೊಂಡು, ನಡುವೆ ಕೂತು ಎದ್ದು, ಕೊಡ ಹೊತ್ತು ಬರುವವಳೂ ಆರಾಮ. ದಮ್ಮಿನಿಂದ ಗೋಡೆಗೊರಗಿ ಹೊರಸಿನ ಮೇಲೆ ಕೂತವನಂತೂ ಇದ್ದ ಉಸಿರಿನಲ್ಲೇ ಒಂದು ಚೂರು ಉಳಿಸಿಕೊಂಡು, ಆರಾಮ ಎಂದು ಹೇಳಿಯೇ ಮುಂದಿನ ಉಸಿರು ಎಳೆಯುತ್ತಾನೆ.

ಇದನ್ನು ಸುಳ್ಳು ಅಂದರೆ ನಮಗೆ ಸಿಟ್ಟು ಬರುತ್ತದೆ. ಇದು ಮರ್ಯಾದೆ. ಬಾಗಿಲಿಗೆ ಬಂದವರ ಮುಂದೆ ನಿಂತ ಕಾಲಲ್ಲೇ ಬೇನೆಯ ಗಂಟು ಬಿಚ್ಚಬಾರದು. ಬಂದವರು ಕೂಡಬೇಕು, ನೀರು ಕುಡಿಯಬೇಕು, ಆಮೇಲೆ ಚಹಾ. ಅವರು ಕಪ್ಪು ಬಸಿ ಕೆಳಗಿಟ್ಟ ಮೇಲೆ, "ಅಂದಂಗ, ನನ್ನ ನಡಾ ಒಂದು ಬಿಟ್ಟಂಗಾಗೇತಿ ನೋಡ್ರಿ" ಎಂದು ಶುರುವಾಗುತ್ತದೆ. ಶುರುವಾದರೆ ಸಂಜೆಯವರೆಗೂ ಮುಗಿಯುವುದಿಲ್ಲ, ಅದು ಬೇರೆ ಮಾತು.

ಲಚ್ಯಾಣಕ್ಕೂ ಝಳಕಿಗೂ ನಡುವೆ ಇರುವ ನಮ್ಮ ಊರಿನಲ್ಲಿ ಈ ಚಹಾ ಸಾಮ್ರಾಜ್ಯದ ಚಕ್ರವರ್ತಿನಿ ರೇವವ್ವ. ಪಂಚಾಯ್ತಿ ಕಟ್ಟೆಯ ಎದುರಿಗೇ ಅವಳ ಮನೆ. ದಾರಿ ಕೇಳಲು ನಿಂತವರಿಗೂ ಚಹಾ, ಕರೆಂಟು ಕಡಿಯಲು ಬಂದವನಿಗೂ ಚಹಾ, ಕಡಿದು ಹೋಗುವಾಗ ಇನ್ನೊಂದರ್ಧ ಕಪ್ಪು. ಅವಳ ಹೊಸ್ತಿಲಿಗೆ ಬಂದು ಚಹಾ ಕುಡಿಯದೆ ಹೋದ ನರಮನುಷ್ಯರಿಲ್ಲ, ಒಬ್ಬಳನ್ನು ಬಿಟ್ಟು. ಆ ಒಬ್ಬಳಿಂದಲೇ ನಮ್ಮೂರಿನ ಮಹಾಯುದ್ಧ ನಡೆದದ್ದು.

ಯುದ್ಧದ ಮೂಲ ಒಂದು ಮುಳ್ಳು. ರೇವವ್ವನ ಗಂಡ ಶ್ರೀಶೈಲಪ್ಪ ಲಿಂಬಿ ತೋಟದವನು. ಲಿಂಬಿ ಮುಳ್ಳು ಎಂದರೆ ಚಪ್ಪಲಿಯನ್ನು ಕೂಡ ಲೆಕ್ಕಕ್ಕಿಡುವುದಿಲ್ಲ. ಅವನಿಗೆ ಸಕ್ಕರೆ ಬೇನೆ ಬೇರೆ ಇತ್ತು, ಕಾಲು ಜೋಮು ಹಿಡಿದು ಎಷ್ಟೋ ದಿನವಾಗಿತ್ತು. ಹೆಬ್ಬೆರಳಿಗೆ ಮುಳ್ಳು ನೆಟ್ಟದ್ದು ಅವನಿಗೇ ಗೊತ್ತಿರಲಿಲ್ಲ. ಸಾರಿಸಿದ ಹೊಸ್ತಿಲ ಮೇಲೆ ರಕ್ತ ಕಂಡು ರೇವವ್ವ ಯಾರದಿದು ಎಂದು ಹುಡುಕಿದಾಗಲೇ ತಿಳಿದದ್ದು.

ಆಗ ನಮ್ಮ ಪುಣ್ಯಕ್ಕೆ ಆಸ್ಪತ್ರೆ ಗಾಡಿ ಇತ್ತು. ಒಂದು ಸೇವಾ ಸಂಸ್ಥೆಯವರು ವಾರಕ್ಕೊಮ್ಮೆ ಕಳಿಸುತ್ತಿದ್ದ ಗಾಡಿ. ಕಟ್ಟೆಯ ಬೇವಿನ ಗಿಡದ ಕೆಳಗೆ ನಿಂತರೆ ಮಧ್ಯಾಹ್ನದವರೆಗೂ ಕದಲುತ್ತಿರಲಿಲ್ಲ. ಸುನಂದಾ ಎಂಬ ಸಿಸ್ಟರ್ ಬಿಪಿ ನೋಡುತ್ತಿದ್ದಳು, ಸಕ್ಕರೆ ನೋಡುತ್ತಿದ್ದಳು, ಗುಳಿಗೆ ಕೊಡುತ್ತಿದ್ದಳು. ಶ್ರೀಶೈಲಪ್ಪನ ಗಾಯ ತೊಳೆದು ಪಟ್ಟಿ ಕಟ್ಟಿ, ಮುಂದಿನ ವಾರದವರೆಗೆ ಮನೆಯಲ್ಲಿ ಹೇಗೆ ತೊಳೆಯಬೇಕೆಂದು ರೇವವ್ವನಿಗೆ ಕಲಿಸಿದ್ದಳು. ಗಾಯ ನಿಧಾನಕ್ಕೆ ಮಾಯುತ್ತಿತ್ತು.

ಅಷ್ಟರಲ್ಲಿ ಸಮೀಕ್ಷೆ ಬಂತು. ಗಾಡಿ ಯಾವ ಊರಿಗೆ ಹೆಚ್ಚು ಬೇಕು ಎಂದು ತಿಳಿಯಲು ಸಂಸ್ಥೆಯವರು ಶುಭಾ ಎಂಬ ಹುಡುಗಿಯನ್ನು ಮೊಬೈಲು ಕೊಟ್ಟು ಮನೆಮನೆಗೆ ಕಳಿಸಿದರು. ಹುಡುಗಿ ಒಳ್ಳೆಯವಳೇ. ಆದರೆ ಒಂದೇ ದಿನದಲ್ಲಿ ಊರು ಮುಗಿಸಬೇಕೆಂದು ಅವಳಿಗೆ ಅಪ್ಪಣೆಯಾಗಿತ್ತು. ರೇವವ್ವ ಬರ್ರಿ, ಕೂಡ್ರಿ ಎಂದವಳೇ ಒಳಗೆ ಹೋಗಿ ಒಲೆಯ ಮೇಲೆ ಪಾತ್ರೆ ಇಟ್ಟಳು. ಹುಡುಗಿ ಹೊಸ್ತಿಲಲ್ಲೇ ನಿಂತು, ಚಹಾ ಬ್ಯಾಡ್ರಿ ಅಮ್ಮಾ, ಇನ್ನೂ ಭಾಳ ಮನಿ ಅದಾವ ಎಂದು, ಮನೆಯ ಕಟ್ಟೆಯ ಮೇಲಿದ್ದ ಶ್ರೀಶೈಲಪ್ಪನನ್ನು ಕೇಳಿದಳು:

"ಮನ್ಯಾಗ ಎಲ್ಲಾರೂ ಆರಾಮ ಅದೀರಿಲ್ರಿ?"

ಆ ಮಹಾನುಭಾವ ಪಟ್ಟಿ ಕಟ್ಟಿದ ಕಾಲನ್ನು ಮೆಲ್ಲಗೆ ಧೋತರದ ಒಳಗೆ ಎಳೆದುಕೊಂಡ.

"ಆರಾಮ್ರಿ," ಅಂದ.

ರೇವವ್ವ ಚಹಾ ಸೋಸಿಕೊಂಡು ಹೊರಗೆ ಬರುವಷ್ಟರಲ್ಲಿ ಹುಡುಗಿ ಓಣಿ ತಿರುಗಿದ್ದಳು. ಪಕ್ಕದ ಮನೆಯ ರಾಜಬಿ ಮಂಡಿಗೆ ಬಿಸಿ ಉಪ್ಪಿನ ಗಂಟು ಇಟ್ಟುಕೊಂಡೇ ಆರಾಮ ಎಂದಿದ್ದಳು. ಅದರಾಚೆಯ ಮೋದಿನಸಾಬ ದಮ್ಮಿನವನು. ಅವನು ಮಾತಾಡಲಾಗದೆ ಕೈಯೆತ್ತಿ ಆರಾಮ ಎಂದು ಸನ್ನೆ ಮಾಡಿದ್ದ. ಊರಿಗೆ ಊರೇ ಆ ದಿನ ಆರಾಮವಾಗಿತ್ತು.

ಮುಂದಿನ ತಿಂಗಳಿನಿಂದ ಗಾಡಿ ಬರಲಿಲ್ಲ. ಬಂದದ್ದು ಸುದ್ದಿ. ಸುತ್ತಿನ ಊರುಗಳಲ್ಲೆಲ್ಲ ನಮ್ಮದೇ ಆರೋಗ್ಯವಂತ ಊರೆಂದು ತೀರ್ಮಾನವಾಗಿದೆ, ಗಾಡಿ ಬೇರೆ ಕಡೆಗೆ ಹೋಗಿದೆ, ನಮಗೆ ಬದಲಿಗೆ ಒಂದು ಫಲಕ ಬರುತ್ತದೆ, ಅದರ ಜೊತೆ ಶಾಲು ಮತ್ತು ಭಾಷಣ.

ಕೇಳಿದವರು ನಗಬೇಡಿ. ಗಟಾರ ರಸ್ತೆಯ ಮೇಲೇ ಹರಿಯುವ ಊರು ಇದು. ಬೋರಿನ ನೀರು ಕುಡಿದು ಸಾಲಿ ಮಕ್ಕಳ ಹಲ್ಲು ಹಳದಿ ತಿರುಗಿವೆ. ದಿನ ತುಂಬಿದ ಬಸುರಿಯನ್ನು ಟಂಟಂ ಆಟೋದಲ್ಲಿ ಕೂರಿಸಿಕೊಂಡು ಹೋಗುವಾಗ ತಗ್ಗು ಬಂದಾಗಲೆಲ್ಲ ಇಡೀ ಮನೆಯವರು ದೇವರನ್ನು ನೆನೆಯುತ್ತಾರೆ. ಇಷ್ಟೆಲ್ಲ ಕಣ್ಣ ಮುಂದೆ ಇದ್ದಾಗ, ಬಾಯಿಂದ ಬಿದ್ದ ಒಂದು ಮಾತನ್ನು ನಂಬಿ ಎದ್ದು ಹೋಗುತ್ತಾರೆಂದರೆ ಏನರ್ಥ? ಅವರಿಗೂ ಆ ಮಾತೇ ಬೇಕಾಗಿತ್ತು. ಹಳ್ಳಿಯವರು ಜೋಳದ ರೊಟ್ಟಿ ತಿನ್ನುತ್ತಾರೆ, ಒಳ್ಳೆಯ ಗಾಳಿ, ಮೈತುಂಬ ದುಡಿಮೆ, ಇವರಿಗೆಲ್ಲಿಯ ರೋಗ ಎಂದು ಪೇಟೆಯಲ್ಲಿ ಕೂತವರಿಗೆ ಮೊದಲಿನಿಂದಲೂ ಗೊತ್ತು. ಗೊತ್ತಿದ್ದದ್ದನ್ನೇ ಕೇಳಿಸಿಕೊಂಡು ಹೋಗಲು ಪುರಸೊತ್ತು ಯಾಕೆ ಬೇಕು?

ಗಾಯಕ್ಕೆ ಫಲಕದ ಸುದ್ದಿ ಮುಟ್ಟಲಿಲ್ಲ. ಅದು ಕಪ್ಪಾಯಿತು. ನೋವಿದೆಯೇ ಎಂದು ರೇವವ್ವ ಕೇಳಿದಾಗಲೆಲ್ಲ ಶ್ರೀಶೈಲಪ್ಪ ಆರಾಮ ಐತಿ ಎಂದ. ವಾಸನೆ ಬಂದ ದಿನ ಅವಳು ಅವನನ್ನು ಕೇಳುವುದು ಬಿಟ್ಟು, ಎಳೆದು ಬಸ್ಸು ಹತ್ತಿಸಿದಳು. ಇಂಡಿಯಲ್ಲಿ ಡಾಕ್ಟರು ಹೆಬ್ಬೆರಳು ತೆಗೆದರು. ಇನ್ನು ಮೇಲೆ ಬಿಡದೆ ಪಟ್ಟಿ ಮಾಡಿಸದಿದ್ದರೆ ಪಾದವೂ ಹೋಗುತ್ತದೆ ಎಂದರು. ಸಂತೆಯ ದಿನ ತುಂಬಿದ ಬಸ್ಸಿನ ಮೆಟ್ಟಿಲಿಗೆ ಒಂದೇ ಕಾಲೂರಿ ನಿಂತ ಗಂಡನನ್ನು ನೂಕಿ ಹತ್ತಿಸುತ್ತಾ, ಆ ಗಾಡಿ ತಿರುಗಿ ನಮ್ಮ ಬೇವಿನ ಗಿಡದ ಕೆಳಗೆ ನಿಲ್ಲಲೇಬೇಕು ಎಂದು ರೇವವ್ವ ತೀರ್ಮಾನಿಸಿದಳು. ಶಂಖ ಊದಿದ್ದು ಆ ಮೆಟ್ಟಿಲ ಮೇಲೆ.

ಫಲಕ ಬರುವ ದಿನ ಗೊತ್ತಾಗಿತ್ತು. ರೇವವ್ವ ಮನೆಮನೆಗೆ ಹೋಗಿ ಸೈನ್ಯ ಕಟ್ಟಿದಳು. ಕವಾಯತು ಸುಲಭ: ದೊಡ್ಡವರು ಬಂದು ಹೇಗಿದ್ದೀರಿ ಎಂದರೆ ಆರಾಮ ಇಲ್ಲ ಎನ್ನಬೇಕು. ಮೋದಿನಸಾಬನಿಂದ ಹೇಳಿಸಿದಳು. ದೇವರ ಗುಡಿಯ ಪೂಜಾರಿಯಿಂದ ಹೇಳಿಸಿದಳು. ರಾಜಬಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಒದ್ದಾಡಿದಳು.

"ಅಲ್ಲಕ್ಕಾ, ಬಂದವ್ರ ಮಾರಿ ಮ್ಯಾಲೆ ನನ್ನ ಮಂಡಿ ಬ್ಯಾನಿ ಒಗೀಲೇನು?"

"ಒಗಿ. ಅವ್ರ ಮಾರಿ ಅದಕ್ಕ ಐತಿ."

ದಿನ ಬಂತು. ಕಟ್ಟೆಯ ಮೇಲೆ ಶಾಮಿಯಾನ, ಹಾರ, ಮೈಕು. ಸಂಸ್ಥೆಯ ಹಿರಿಯರಾದ ಆನಂದತೀರ್ಥ ಸಾಹೇಬರು ಕಾರಿನಿಂದ ಇಳಿದರು. ಹಿಂದೆ ಶುಭಾ, ಅವಳ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಫಲಕ. ಎದುರಿಗೆ ರೇವವ್ವನ ಚತುರಂಗ ಸೇನೆ ಜಮಖಾನೆಯ ಮೇಲೆ ಸಜ್ಜಾಗಿ ಕೂತಿತ್ತು. ಸಾಹೇಬರು ಮೈಕು ಹಿಡಿದು, ಮುಖತುಂಬ ನಕ್ಕು, ಕೇಳಿದರು:

"ಏನ್ರಪಾ, ಎಲ್ಲಾರೂ ಆರಾಮ?"

"ಆರಾಮ್ರೀ," ಎಂದಿತು ಸೇನೆ, ಒಂದೇ ಕೊರಳಿನಲ್ಲಿ. ಎಲ್ಲರಿಗಿಂತ ಜೋರಾಗಿ ಅಂದವನು ಶ್ರೀಶೈಲಪ್ಪ.

ಒಂದು ಬಾಣ ಕೂಡ ಹಾರದೆ ಯುದ್ಧ ಮುಗಿಯಿತು. ಸೋತ ಸೈನಿಕರು ತಮ್ಮ ನಾಲಗೆಯನ್ನು ತಾವೇ ನಂಬಲಾಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೇವವ್ವ ಅವರನ್ನು ಬೈಯಲಿಲ್ಲ. ಎದ್ದು ಮನೆಗೆ ಹೋದಳು. ಸಿಟ್ಟಾಗಿ ಹೋದಳು ಎಂದುಕೊಂಡರು. ಭಾಷಣ ಅರ್ಧ ಆಗುವಷ್ಟರಲ್ಲಿ ಚಹಾದ ಕೆಟಲಿ, ಕಪ್ಪು, ಬಸಿ ಹಿಡಿದುಕೊಂಡು ನೆಟ್ಟಗೆ ವೇದಿಕೆ ಹತ್ತಿದಳು.

ಸಾಹೇಬರು ಮೈಕಿಗೆ ಕೈ ಅಡ್ಡ ಹಿಡಿದು, ಆಮೇಲೆ ಕುಡಿಯುತ್ತೇನೆ ತಾಯಿ ಎಂದರು.

"ಆಮ್ಯಾಲೆ ಆಗೂದಿಲ್ರಿ ಸಾಹೇಬ್ರ. ಮೊದ್ಲ ಕುಂಡ್ರಿ, ಕುಡೀರಿ."

ಅವರು ಕೆಟ್ಟ ಮನುಷ್ಯರಲ್ಲ. ಕೂತರು. ಬಸಿಗೆ ಸುರಿದುಕೊಂಡು, ಊದಿ, ಕುಡಿದರು. ಶುಂಠಿ ಚೆನ್ನಾಗಿದೆ ಎಂದರು. ಅಷ್ಟೂ ಹೊತ್ತು ಊರು ಆ ಬಸಿಯನ್ನೇ ನೋಡುತ್ತಾ ಕೂತಿತ್ತು. ಬಸಿ ಟಕ್ ಎಂದು ಕೆಳಗಿಟ್ಟದ್ದೇ ತಡ, ಜಮಖಾನೆಯ ಮೂಲೆಯಲ್ಲಿ ರಾಜಬಿ ಕೆಮ್ಮಿದಳು.

"ಅಂದಂಗ ಸಾಹೇಬ್ರ," ಅಂದಳು, "ನನ್ನ ಮಂಡಿ..."

ಕೆರೆಯ ಕಟ್ಟೆ ಒಡೆದಂತಾಯಿತು. ಮಂಡಿ ಬಂತು, ನಡ ಬಂತು, ದಮ್ಮು ಬಂತು, ಬಿಪಿ ಗುಳಿಗೆ ಮುಗಿದು ತಲೆ ತಿರುಗಿ ಬಚ್ಚಲಲ್ಲಿ ಬಿದ್ದವಳು ಬಂದಳು, ಮಗನ ಹಳದಿ ಹಲ್ಲನ್ನು ಬಾಯಿ ಅಗಲಿಸಿ ತೋರಿಸುವ ತಾಯಿ ಬಂದಳು. ಹಾರ ಹಾಕಿಕೊಂಡ ಸಾಹೇಬರು ಹಾರದೊಂದಿಗೇ ಒಬ್ಬೊಬ್ಬರ ಕಡೆ ತಿರುಗುತ್ತಿದ್ದರು. ಕಡೆಗೆ ಶ್ರೀಶೈಲಪ್ಪ ಕೋಲೂರಿ ವೇದಿಕೆಯ ಅಂಚಿಗೆ ಬಂದು ಕೂತು, ಧೋತರ ಸರಿಸಿ ಪಟ್ಟಿ ಬಿಚ್ಚಿದ. ಹಾರದ ಸೇವಂತಿಗೆಯ ವಾಸನೆಯ ಮೇಲೆ ಗಾಯದ ವಾಸನೆ ಹಾಯ್ದು ಬಂತು.

"ಇದನ್ನೆಲ್ಲಾ ಅವತ್ತ ಯಾಕ ಹೇಳಲಿಲ್ರೀ?" ಎಂದರು ಸಾಹೇಬರು.

"ಅವತ್ತ ನಿಮ್ಮವ್ರು ಚಹಾ ಕುಡೀಲಿಲ್ರಿ," ಅಂದಳು ರೇವವ್ವ.

ಶುಭಾ ತಲೆ ತಗ್ಗಿಸಿದಳು. ರೇವವ್ವ ಅವಳಿಗೂ ಒಂದು ಕಪ್ಪು ಸುರಿದು ಕೈಗೆ ಕೊಟ್ಟಳು.

"ಈ ಕೂಸಿಂದೇನೂ ತಪ್ಪಿಲ್ರಿ. ಒಂದು ಮನ್ಯಾಗೂ ಕುಂಡ್ರಬ್ಯಾಡ ಅಂತ ಕಳಿಸಿದವ್ರು ನೀವು. ಅರ್ಧ ಕಪ್ಪ ಚಹಾಕ್ಕ ನಿಮಗ ಪುರಸೊತ್ತಿರಲಿಲ್ಲ, ನನ್ನ ಗಂಡನ ಕಾಲ್ಬೆರಳ ಹೋತು. ಈಗ ಈ ಫಲಕದ ಹಲಗಿ ಒಯ್ದು ಎಲ್ಲಿ ಬಡೀಲಿ, ಅದನ್ನೂ ನೀವ ಹೇಳ್ರಿ."

ಸಾಹೇಬರು ಹಾರ ತೆಗೆದು ಮೇಜಿನ ಮೇಲಿಟ್ಟರು. ಫಲಕ ಬಣ್ಣದ ಕಾಗದವನ್ನೂ ಬಿಚ್ಚಿಸಿಕೊಳ್ಳದೆ ಬಂದ ಕಾರಿನಲ್ಲೇ ತಿರುಗಿ ಹೋಯಿತು. ಮರುವಾರ ಬೇವಿನ ಗಿಡದ ಕೆಳಗೆ ಗಾಡಿ ನಿಂತಿತು.

ಪಾದ ಉಳಿಯಿತು. ಬೆರಳು ಬರಲಿಲ್ಲ, ಅದು ಯಾವ ಗಾಡಿಯಲ್ಲೂ ಬರುವಂಥದ್ದಲ್ಲ. ಗಟಾರ ಈಗಲೂ ರಸ್ತೆಯ ಮೇಲೇ ಇದೆ. ಆದರೆ ಗಾಡಿ ತಿರುಗಿ ಬಂದ ಆ ಮೊದಲ ದಿನ ಸುನಂದಾ ಸಿಸ್ಟರ್ ಕೈಗವಸು ಹಾಕಿಕೊಳ್ಳುತ್ತಾ ಶ್ರೀಶೈಲಪ್ಪನ ಕಟ್ಟೆಗೇ ಬಂದು, ಏನ್ರಿ ಯಜಮಾನ್ರ, ಆರಾಮ ಎಂದು ಕೇಳಿದಳು. ಅವನ ಬಾಯಿ ತಾನಾಗಿ ತೆರೆಯಿತು. ಬಾಗಿಲಲ್ಲಿ ಚಹಾದ ಕೆಟಲಿ ಹಿಡಿದು ನಿಂತ ಹೆಂಡತಿ ಕಂಡಳು. ಬಾಯಿ ಮುಚ್ಚಿಕೊಂಡ. ಸ್ವಲ್ಪ ಯೋಚನೆ ಮಾಡಿದ.

"ಮೊದ್ಲ ಚಹಾ ತಗೋರಿ, ಸಿಸ್ಟರ್," ಅಂದ.