ಬಿಸಿ ನೆಲದ ಮೇಲೆ ಟವಲ್ ವ್ಯಾಪಾರ

ಕುಷ್ಟಗಿ ಕಡೆಯ ಕೆಂಪು ಕಲ್ಲು ಹಡಗು ಹತ್ತಿ ಜಪಾನಿಗೆ ಹೋಗುತ್ತಿದ್ದ ಎಂಬತ್ತರ ದಶಕದ ಮಾತು. ಕಲ್ಲು ಕೊಳ್ಳುವವರು ಕರೆದರೆಂದು ನಾನೂ, ಕ್ವಾರಿಯಲ್ಲಿ ನನ್ನ ಪಾಲುದಾರರಾದ ನಮ್ಮ ಮಾವ, ಅಂದರೆ ಅಕ್ಕನ ಗಂಡನೂ ಹೋಗಿದ್ದೆವು. ವ್ಯಾಪಾರ ಮುಗಿದ ಮರುದಿನ ಅಲ್ಲಿನ ರಾಷ್ಟ್ರೀಯ ಉದ್ಯಾನವೊಂದಕ್ಕೆ ಕರೆದೊಯ್ದರು. ಉದ್ಯಾನ ಅಂದರೆ ಹೂವಿನ ತೋಟವಲ್ಲ, ಜ್ವಾಲಾಮುಖಿಯ ಮಗ್ಗುಲು. ಬಿರುಕುಗಳಿಂದ ಏಳುವ ಉಗಿ, ಕೊಳೆತ ತತ್ತಿಯ ನಾತ, ಅಂಬಲಿಯಂತೆ ಕೊತಕೊತ ಕುದಿಯುವ ಕೆಸರು.

ಹಲಗೆಯ ದಾರಿ ಬಿಟ್ಟು ಇಳಿಯಬೇಡಿ, ಮೇಲಿನ ಪದರ ಹಪ್ಪಳದಷ್ಟು ತೆಳು ಎಂದು ಬೊಂಬಾಯಿಯ ದುಭಾಷಿ ಹಿಂದಿಯಲ್ಲಿ ಬಿಡಿಸಿ ಹೇಳಿದ. ಮಾವ ಕೇಳಬೇಕಲ್ಲ. ಹಳದಿ ಕಲ್ಲೊಂದು ಕಣ್ಣಿಗೆ ಬಿದ್ದಿತ್ತು.

“ಇದು ನಮ್ಮ ಗಂಗಾವತಿ ಕಡಿ ಉಪ್ಪು ಬಿಟ್ಟ ಸೌಳು ನೆಲಾ ಇದ್ದಂಗ ಐತಿ ಅಳಿಯಾ. ಮ್ಯಾಲ ಬೆಳ್ಳಗ, ಕೆಳಗ ಗಟ್ಟಿ,” ಎಂದು ಇಳಿದೇಬಿಟ್ಟರು.

ಕಲ್ಲಿಗೆ ಕೈ ಹಾಕುವಷ್ಟರಲ್ಲಿ ಪಕ್ಕದ ನೆಲ ಚಟ್ಟನೆ ಒಡೆದು ಉಗಿ ಬುಸುಗುಟ್ಟಿತು. ಮಾವ ಮರಗಟ್ಟಿ ನಿಂತರು. ದುಭಾಷಿ ಕಾವಲುಗಾರನನ್ನು ಕರೆಯಲು ಓಡಿದ.

“ಬಂದ ಹೆಜ್ಜಿ ಮ್ಯಾಲ ಹೊಳ್ಳಿ ಬರ್ರಿ ಮಾವಾ.”

“ಕಾಲ ಏಳವಲ್ದೋ.”

ಹೆದರಿದವರಿಗೆ ಹೆದರಬೇಡ ಎನ್ನಬೇಡಿ, ಅದು ಕಿವಿಗೇ ಹೋಗುವುದಿಲ್ಲ. ಗೊತ್ತಿರುವ ಕೆಲಸಕ್ಕೆ ಹಚ್ಚಿ. ನಾವಿಬ್ಬರೂ ಕುಕನೂರಿನ ದನದ ಸಂತೆಯಲ್ಲಿ ದಲಾಲಿ ಮಾಡಿ ಮೇಲೆ ಬಂದವರು. ಅಲ್ಲಿ ರೇಟು ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಕೈಯೊಳಗೆ ಕೈಯಿಟ್ಟು ಬೆರಳು ಹಿಚುಕಿ ತಿಳಿಸುತ್ತೇವೆ. ಮಾವನ ಜೋಡೆತ್ತಿನ ಮೇಲೆ ನನಗೆ ಭಾಳ ದಿನದಿಂದ ಕಣ್ಣಿತ್ತು, ಅವರು ಕೊಟ್ಟಿರಲಿಲ್ಲ. ಚಳಿಗೆ ಕೊರಳಿಗೆ ಸುತ್ತಿದ್ದ ಟವಲ್ ಬಿಚ್ಚಿ ಕೈ ಮೇಲೆ ಹಾಕಿಕೊಂಡು ಹಲಗೆಯ ಅಂಚಿಗೆ ಕೂತೆ.

“ಆ ಎತ್ತಿನ ಮಾತು ಇವತ್ತ ಮುಗಿಸೂನ್ರಿ.”

“ಈಗೇನ ಎತ್ತಿನ ಮಾತಲೇ?” ಅಂದರು. ಆಮೇಲೆ ತಾವೇ, “ಎಷ್ಟ ಕೊಡ್ತಿ?”

“ಜನಾ ನೋಡಾಕತ್ಯಾರ. ಬಾಯಿಲೆ ಹೆಂಗ ಹೇಳ್ಲಿ? ಬಂದು ಕೈ ಹಿಡೀರಿ.”

ಮಾವ ಟವಲನ್ನೇ ನೋಡಿದರು. ಒಂದು ಕಾಲೆತ್ತಿ ಬಂದ ಗುರುತಿನ ಮೇಲಿಟ್ಟರು. ನೆಲ ಕರಕರ ಅಂದಿತು. ನಾನು ಬಿಡದೆ, “ಎಡಗಡಿ ಎತ್ತಿಗೆ ವಯಸ್ಸಾಗೇತಿ,” ಎಂದು ಹೀಗಳೆದೆ.

“ನಿನ್ನ ಕಣ್ಣಿಗೆ ವಯಸ್ಸಾಗೇತಿ,” ಎನ್ನುತ್ತ ಇನ್ನೊಂದು ಹೆಜ್ಜೆ ಇಟ್ಟರು.

ಹಾಗೇ ಜಗಳಾಡುತ್ತ ಬಂದರು. ಟವಲಿನೊಳಗೆ ಬಂದ ಕೈ ಬೆವರಿಗೆ ಜಾರುತ್ತಿತ್ತು. ಮಣಿಕಟ್ಟು ಹಿಡಿದು ಎಳೆದುಕೊಂಡೆ. ಹಲಗೆಯ ಮೇಲೆ ಕುಸಿದ ಮಾವ ಕೈ ಮಾತ್ರ ಬಿಡಲಿಲ್ಲ. ಉಸಿರು ಹತೋಟಿಗೆ ಬಂದ ಮೇಲೆ ನನ್ನ ಬೆರಳು ಹುಡುಕಿ ಒಂದೊಂದಾಗಿ ಹಿಚುಕಿದರು. ಎತ್ತಿನ ಬೆಲೆ; ಸಂತೆಯಲ್ಲಿ ಯಾರೂ ಕೊಡದಷ್ಟು ದುಬಾರಿ.

ಆವತ್ತೊಂದು ದಿನ ನಾನು ಚೌಕಾಸಿ ಮಾಡಲಿಲ್ಲ.