ಫಾಗ್ ಲೈಟಿನ ಗವಸು

ದೊಡ್ಡಬೆಳವಂಗಲದಲ್ಲಿ ನಮ್ಮ ಎದುರು ಮನೆಯವರು ಕಾರಿನ ಮುಂದೆ ಎರಡು ದೊಡ್ಡ ಫಾಗ್ ಲೈಟ್ ಹಾಕಿಸಿದ್ದರು. ಮಂಜಿರಲಿ, ಇಲ್ಲದಿರಲಿ, ಉರಿಸಿಕೊಂಡೇ ಓಡಾಡುತ್ತಿದ್ದರು. ಎದುರು ಬರುವವರ ಕಣ್ಣು ಕುಕ್ಕುತ್ತದೆ ಎಂದರೆ, "ನಮ್ಗೆ ದಾರಿ ಕಂಡ್ರೆ ಸಾಕು ಕಣಪ್ಪಾ" ಎನ್ನುತ್ತಿದ್ದರು. ಅಂಥ ಲೈಟಿಗೆ ಪೊಲೀಸರು ದಂಡ ಹಾಕುತ್ತಾರೆಂದು ಕಪ್ಪು ಬಟ್ಟೆಯ ಗವಸು ಹೊಲಿಸಿಟ್ಟುಕೊಂಡಿದ್ದರು. ಪೊಲೀಸರು ನಿಲ್ಲುವ ಕ್ರಾಸಿಗೆ ಮುಂಚೆ ತೊಡಿಸಿ, ದಾಟಿದ ಮೇಲೆ ಬಿಚ್ಚಿ ಜೇಬಿಗಿಡುತ್ತಿದ್ದರು.

ಒಂದು ಮಂಜಿನ ಬೆಳಗ್ಗೆ ಡೇರಿಗೆ ಹಾಲು ಒಯ್ಯುತ್ತಿದ್ದೆ. ಅವರ ಕಾರು ಎದುರಾಯಿತು. ಆ ಬೆಳಕಿಗೆ ಏನೂ ಕಾಣದೆ ಬೈಕು, ಕ್ಯಾನು ಸಮೇತ ಚರಂಡಿಗೆ ಬಿದ್ದೆ. ಅವರು ಕಾರು ನಿಲ್ಲಿಸಿ ಇಳಿದರು. ಜನ ಸೇರುವ ಮೊದಲು ಜೇಬಿನಿಂದ ಗವಸು ತೆಗೆದು, ಎರಡೂ ಲೈಟಿಗೆ ನಾಜೂಕಾಗಿ ತೊಡಿಸಿದರು. ಆಮೇಲೆ ನನ್ನತ್ತ ಬಗ್ಗಿ ಕೇಳಿದರು: "ದಾರಿ ಕಾಣ್ಲಿಲ್ವೇನಪ್ಪಾ?"