ಉಗ್ರಪ್ಪ ಬೆನ್ನು ಹುಡುಕಿದ್ದು

ಉಗ್ರಪ್ಪನೆಂಬ ದರ್ಜಿ ಬಾಣಾವರದಲ್ಲಿ ಇದ್ದಾನೆಂದು ರುದ್ರಮ್ಮನಿಗೆ ಮೊದಲು ಗೊತ್ತಾದದ್ದು ಮೊಮ್ಮಗಳ ಬೆನ್ನಿನಿಂದ. ಗೌರಿಹಬ್ಬದ ಬೆಳಗ್ಗೆ ಮೇಘಶ್ರೀ ಹೊಸ ಸೀರೆಯುಟ್ಟು ಕಾಲಿಗೆ ಬೀಳಲು ಬಗ್ಗಿದಳು. ಆಶೀರ್ವಾದಕ್ಕೆಂದು ಎತ್ತಿದ ಅಜ್ಜಿಯ ಕೈ ಹಾಗೇ ನಿಂತಿತು. ರವಿಕೆಯ ಬೆನ್ನಲ್ಲಿ ಅರ್ಧಚಂದ್ರದಂಥ ತೂತು.

"ಇದೇನೇ, ಇಲಿ ಕಡೀತಾ?"

"ಡಿಸೈನ್ ಅಜ್ಜಿ! ಬಸ್ ಸ್ಟ್ಯಾಂಡ್ ಹತ್ರ ಉಗ್ರಪ್ಪ ಅಂತ ಟೈಲರ್ ಇದಾರೆ, ಅವ್ರೇ ಹೊಲಿದಿದ್ದು."

ಮಾರನೆಯ ದಿನವೇ ರುದ್ರಮ್ಮ ಜಗಳಕ್ಕೆ ಹೊರಟಳು. ಹೆಸರು ಕೇಳಿ ದಪ್ಪ ಮೀಸೆ, ಕೆಂಗಣ್ಣು ಎಂದೆಲ್ಲ ಲೆಕ್ಕ ಹಾಕಿದ್ದಳು. ಮೆಷಿನ್ನಿನ ಹಿಂದಿನಿಂದ ಎದ್ದು ಬಂದವನು ಫ್ಯಾನಿನ ಗಾಳಿಗೆ ಹಾರುವಂಥ ಸಣಕಲು ಆಳು. ಕೊರಳಲ್ಲಿ ಟೇಪು, ತುಟಿಯ ನಡುವೆ ಗುಂಡುಸೂಜಿ.

"ಮಿಕ್ಕಿದ ಬಟ್ಟೆ ಕೊಡಪ್ಪ, ತೂತು ಮುಚ್ಚಬೇಕು."

ಅವನು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟು, "ಅದು ತೂತಲ್ಲ ಅಮ್ಮ. ನಮ್ಮ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕಿಟಕಿ. ಚಿಲ್ಲರೆಗೆ ಅಂತ ನಿಂತಿದ್ದಾಗ ನೋಡ್ದೆ, ಎಷ್ಟು ಚೆಂದ ಐತೆ ಅನ್ನಿಸ್ತು," ಎಂದ.

ರುದ್ರಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ಬೈಯುವ ವಿದ್ಯೆ ಆಕೆಗೆ ಬರುತ್ತಿರಲಿಲ್ಲ, ಹಾಗಾಗಿ ಸ್ಟೂಲಿನ ಮೇಲೆ ಕೂತಳು. ಅಂದಿನಿಂದ ಸಂಜೆ ಹೊತ್ತು ಅಲ್ಲಿ ಕೂರುವುದೇ ಅಭ್ಯಾಸವಾಯಿತು. ಗಂಡ ಹೋದ ಮೇಲೆ ಸಂಜೆಗಳು ಬಲು ಉದ್ದವಾಗಿದ್ದವು.

ಉಗ್ರಪ್ಪ ಕಣಕಟ್ಟೆಯ ಕಡೆಯವನು. ಸೋದರಮಾವನ ಅಂಗಡಿಯಲ್ಲಿ ಗಂಡಸರ ಬಟ್ಟೆ ಹೊಲಿಯುತ್ತಿದ್ದವನು ಬೇಸತ್ತು ಹೆಂಗಸರ ಕಡೆ ತಿರುಗಿದ್ದ. "ಪ್ಯಾಂಟಿಗೆ ಎರಡು ಕಾಲು ಬಿಟ್ರೆ ಬೇರೆ ದಾರಿ ಇಲ್ಲ ಕಣಮ್ಮ," ಎನ್ನುತ್ತಿದ್ದ. ಚಕ್ಕುಲಿ ಒರಳಿನ ಬಿಲ್ಲೆ ಕಂಡರೆ ಅದು ಕುತ್ತಿಗೆಯಾಗುತ್ತಿತ್ತು, ಚಪ್ಪರಕ್ಕೆ ಹೆಣೆದ ತೆಂಗಿನ ಸೋಗೆ ಕಂಡರೆ ಬೆನ್ನಿನ ದಾರವಾಗುತ್ತಿತ್ತು. ಎದುರಿನ ಅಂಗಡಿಯ ಅರ್ಧ ಎಳೆದ ಷಟರಿನಿಂದ ತೋಳಿನ ನೆರಿಗೆ ಹುಟ್ಟಿತ್ತು. ಯಾರಾದರೂ ಫೋನು ಚಾಚಿ "ಇಂಥದ್ದೇ ಬೇಕು" ಎಂದರೆ ಮಾತ್ರ ಮುಖ ಹರಳೆಣ್ಣೆ ಕುಡಿದವನಂತಾಗುತ್ತಿತ್ತು.

ಹೀಗಿರುವಾಗ ಮೇಘಶ್ರೀಗೆ ಹಳೇಬೀಡಿನ ಗಂಡು ಗೊತ್ತಾಯಿತು. ಧಾರೆ ಸೀರೆಯ ರವಿಕೆ ಬಟ್ಟೆಯನ್ನು ಮೇಜಿನ ಮೇಲಿಟ್ಟು ಹುಡುಗಿ ಕಡ್ಡಿ ಮುರಿದಂತೆ ಹೇಳಿದಳು: "ಬೆನ್ನಿನ ಡಿಸೈನ್ ಯಾರ ಫೋನಲ್ಲೂ ಇರಬಾರ್ದು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ ಉಗ್ರಪ್ಪಣ್ಣ, ಅರಸೀಕೆರೆಲಿ ಹೊಸ ಬೊಟಿಕ್ ಆಗಿದೆ."

ಅವಳು ಹೋದ ಕಡೆ ಊರಿನ ಹುಡುಗಿಯರೆಲ್ಲ ಹೋಗುವವರೇ. ಅವರು ಹೋದರೆ ಅಂಗಡಿಗೆ ಬೀಗ, ಉಗ್ರಪ್ಪನಿಗೆ ಮತ್ತೆ ಮಾವನ ಪ್ಯಾಂಟು.

ವಾರವಾದರೂ ಏನೂ ಹೊಳೆಯಲಿಲ್ಲ. ಪೇಪರು ಕತ್ತರಿಸಿ ಕತ್ತರಿಸಿ ಬಿಸಾಡಿದ. ಕೊನೆಗೊಂದು ದಿನ ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣು ನೆಟ್ಟಿತು. ಬೇಲೂರಿನ ಶಿಲಾಬಾಲಿಕೆಯರು!

"ನೋಡಮ್ಮ, ಮೈತುಂಬ ಎಂಥಾ ಕುಸುರಿ! ಇವರ ರವಿಕೆ ಬೆನ್ನು ಹೆಂಗಿರಬೇಡ! ನೀವೂ ಬನ್ನಿ. ನೀವಿದ್ರೆ ನನ್ನನ್ನ ಭಕ್ತ ಅಂತಾರೆ. ಒಬ್ನೇ ಹೋಗಿ ಹೆಂಗಸರ ವಿಗ್ರಹ ನೋಡ್ತಾ ನಿಂತ್ರೆ ಇನ್ನೇನೋ ಅಂತಾರೆ."

ಬೇಲೂರಿನ ಗುಡಿಯ ಸೂರಿನ ಕೆಳಗೆ ಉಗ್ರಪ್ಪ ಕತ್ತೆತ್ತಿ ನಿಂತ. ಕ್ಯಾಲೆಂಡರಿನಲ್ಲಿ ರವಿಕೆಯ ಅಂಚಿನಂತೆ ಕಂಡದ್ದೆಲ್ಲ ಬರೀ ಹಾರ, ತೋಳಬಂದಿ.

"ಅಮ್ಮ," ಎಂದು ಪಿಸುಗುಟ್ಟಿದ, "ಒಬ್ಬಳೂ ರವಿಕೆ ತೊಟ್ಟಿಲ್ಲ."

"ಕಲ್ಲಿಗೆ ಚಳಿ ಆಗಲ್ಲ ಬಿಡೋ. ಬೆನ್ನಾದ್ರೂ ನೋಡು."

"ಬೆನ್ನು ಗೋಡೆಗೆ ಅಂಟ್ಕೊಂಡೈತೆ!"

ಅವನು ಅಲ್ಲಿದ್ದ ಗೈಡನ್ನೇ ಹೋಗಿ ಕೇಳಿದ: "ಸ್ವಾಮಿ, ಇವರ ಹಿಂಭಾಗ ಎಲ್ಲಿಂದ ಕಾಣ್ತದೆ?" ಗೈಡು ಅವನನ್ನು ಮೇಲಿಂದ ಕೆಳಗೆ ನೋಡಿ, ತನ್ನ ಪ್ರವಾಸಿಗರನ್ನು ಆಚೆ ಕರೆದುಕೊಂಡು ಹೋದ. ರುದ್ರಮ್ಮ ಸೆರಗು ಬಾಯಿಗಿಟ್ಟುಕೊಂಡು ಚೆನ್ನಕೇಶವನಿಗೇ ಬೆನ್ನು ಹಾಕಿ ನಕ್ಕಳು.

ವಾಪಸು ಬರುವಾಗ, ಈಶ್ವರನ ಮುಖ ನೋಡದೆ ಊರು ಸೇರುವುದಿಲ್ಲ ಎಂದು ಆಕೆ ಹಠ ಹಿಡಿದು ಹಳೇಬೀಡಿನಲ್ಲಿ ಇಳಿಸಿದಳು. ಉಗ್ರಪ್ಪ ಸೋತ ಮುಖದಲ್ಲಿ ಮಂಟಪದ ಕಲ್ಲಿನ ಬಸವಣ್ಣನ ಹಿಂದೆ ಕುಸಿದು ಕೂತ. ಕಣ್ಣೆತ್ತಿದರೆ, ಎದುರಿಗೇ ಬೆನ್ನು! ವಿಶಾಲವಾದ, ನುಣ್ಣನೆಯ, ಗೋಡೆಗೆ ಅಂಟದ ಬೆನ್ನು. ಅದರ ಮೇಲಿಂದ ಇಳಿಬಿದ್ದ ಸರ, ಸರದ ತುಂಬ ಗೆಜ್ಜೆ, ಗಂಟೆ.

ಅವನು ಟೇಪು ಬಿಚ್ಚಿದ್ದೇ ತಡ, ಕಾವಲುಗಾರ ಸೀಟಿ ಊದುತ್ತಾ ಓಡಿ ಬಂದ.

"ಏನ್ಲಾ, ಬಸವಣ್ಣಂಗೆ ಬ್ಲೌಸ್ ಹೊಲಿತೀಯಾ?"

"ಹರಕೆ ಕಣಪ್ಪ," ಎಂದು ರುದ್ರಮ್ಮ ನಡುವೆ ಬಂದಳು. "ಸ್ವಾಮಿಗೆ ವಸ್ತ್ರ ಹೊದಿಸ್ತೀನಿ ಅಂದ್ಕೊಂಡಿದ್ದೆ. ಅಳತೆ ತಪ್ಪಬಾರದು ನೋಡು." ಹೇಳಿದ ಸುಳ್ಳಿಗೆ ಅಲ್ಲೇ ಕೆನ್ನೆ ಬಡಿದುಕೊಂಡಳು. ಕಾವಲುಗಾರ ಅದನ್ನು ಭಕ್ತಿ ಎಂದುಕೊಂಡು, ಟೇಪು ಮುಟ್ಟಿಸದೆ ಕಣ್ಣಲ್ಲೇ ಅಳೆದುಕೊಳ್ಳಿ ಎಂದು ಬಿಟ್ಟ.

ರವಿಕೆ ತಯಾರಾಯಿತು. ಬೆನ್ನಿನ ಮೇಲೆ ಜರಿಯ ಸರ ಕಮಾನಾಗಿ ಇಳಿದು, ಅದರ ಅಂಚಿಗೆ ಹೊನ್ನಿನ ಬಣ್ಣದ ಪುಟ್ಟ ಗೆಜ್ಜೆಗಳು. ಮೇಘಶ್ರೀ ಎರಡು ಕನ್ನಡಿಗಳ ನಡುವೆ ನಿಂತು ನೋಡಿ ಕುಣಿದಾಡಿದಳು. "ಎಲ್ಲಿಂದ ತಂದ್ರಿ ಈ ಐಡಿಯಾ?"

"ಹೊಯ್ಸಳರ ಕಾಲದ್ದು," ಎಂದ ಉಗ್ರಪ್ಪ, ನೆಲ ನೋಡುತ್ತಾ.

ಅರಸೀಕೆರೆಯ ಛತ್ರದಲ್ಲಿ ಧಾರೆ ಮುಗಿಯಿತು. ವರನ ಅಜ್ಜಿ ಮದುಮಗಳ ಹಿಂದೆ ಬಂದವಳು ಥಟ್ಟನೆ ನಿಂತಳು. ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳನ್ನು ನೋಡಿ ಹಳೇಬೀಡಿನ ಹೆಂಗಸರೆಲ್ಲ ಸಾಲಾಗಿ ಬಂದು ಮುಟ್ಟಿ, ಕಣ್ಣಿಗೊತ್ತಿಕೊಂಡರು. ಮೇಘಶ್ರೀ ಕಕ್ಕಾಬಿಕ್ಕಿಯಾಗಿ ಅಜ್ಜಿಯನ್ನು ಕೂಗಿದಳು: "ಇವರ ಊರಲ್ಲಿ ಸೊಸೆ ಬೆನ್ನಿಗೆ ನಮಸ್ಕಾರ ಮಾಡೋ ಪದ್ಧತಿ ಇದೆಯಾ ಅಜ್ಜಿ?"

ರುದ್ರಮ್ಮ ಉತ್ತರ ಹುಡುಕುತ್ತಿರುವಾಗ ವರನ ಅಜ್ಜಿ ಕಿವಿಯ ಹತ್ತಿರ ಬಂದಳು. "ನಮ್ಮ ಬಸವಣ್ಣನ ಸರಾನೇ ಹೊತ್ಕೊಂಡು ಬಂದವ್ಳಲ್ಲ ಕಣವ್ವ, ಇನ್ನೇನು ಬೇಕು! ಯಾರು ಹೊಲಿದೋರು? ನಮ್ಮ ಹೆಣ್ಮಕ್ಳಿಗೆಲ್ಲ ಅವರ ಕೈಲೇ ಹೊಲಿಸ್ಬೇಕು."

ಊಟದ ಮನೆಯಲ್ಲಿ ಉಗ್ರಪ್ಪ ಎಲೆಯ ಮುಂದೆ ಕೂತಿದ್ದ. ರುದ್ರಮ್ಮ ತಂದ ಸುದ್ದಿ ಕೇಳಿ ಮುಖ ಅರಳಿತು. ಅಂಗಡಿ ಉಳಿಯಿತು, ಹಳೇಬೀಡಿನ ತನಕ ಗಿರಾಕಿಗಳು ಸಿಕ್ಕರು. ಮರುಗಳಿಗೆಯೇ ಬಾಯಿಗೆ ಹೊರಟಿದ್ದ ಪಾಯಸ ಅರ್ಧದಲ್ಲಿ ನಿಂತಿತು.

"ಮೇಘಶ್ರೀಗೆ ಗೊತ್ತಾಯ್ತಾ, ಅದು ಎತ್ತಿನ ಬೆನ್ನಿಂದ ಬಂದಿದ್ದು ಅಂತ?"

"ಇನ್ನೂ ಇಲ್ಲ. ಕೇಳ್ತಾ ಅವಳೆ."

ಉಗ್ರಪ್ಪ ಎಲೆ ಮಡಚಿ ಎದ್ದ. ಕೈ ತೊಳೆಯುವುದನ್ನೂ ಮರೆತು ಚೀಲ ಹೆಗಲಿಗೇರಿಸಿದ.

"ಅಮ್ಮ, ಒಂದೇ ಒಂದು ಉಪಕಾರ. ನೀವೇ ಹೇಳ್ಬಿಡಿ. ಆದ್ರೆ ನಾನು ಬಾಣಾವರದ ಬಸ್ಸು ಹತ್ತೋವರ್ಗೂ ತಡೀರಿ."